ಅಕ್ಕನಿಗಿರದ ಗುಂಡಿನ ಸರ

ಅಕ್ಕ ಅಟ್ಟದ ಏಣಿಯಿಂದ ಬಿದ್ದು ಸತ್ತಳು. ಅವಳ ಚಿತ್ರ ಬರೆದವನಿಗೆ ಕಣ್ಣು ಬರೆಯಲು ಬರಲಿಲ್ಲ. ನಮ್ಮ ಮನೆಗೆ ಬಂದವರೆಲ್ಲ ಈ ಎರಡು ಮಾತನ್ನು ಒಟ್ಟಿಗೇ ಆಡುತ್ತಾರೆ. ಮೊದಲನೆಯದನ್ನು ದನಿ ತಗ್ಗಿಸಿ, ಎರಡನೆಯದನ್ನು ನಗುತ್ತಾ. ಎರಡನ್ನೂ ನಾನು ಒಪ್ಪುವುದಿಲ್ಲ. ಒಂದು ಬಿದ್ದರೆ ಇನ್ನೊಂದೂ ನಿಲ್ಲುವುದಿಲ್ಲ ಎಂಬುದು ನನ್ನ ವಾದ.

ಚಿತ್ರಕಲೆಯ ಬಗ್ಗೆ ನನಗೇನೂ ಗೊತ್ತಿಲ್ಲ. ಎಪ್ಪತ್ತರ ದಶಕದ ಸಂತೇಬೆನ್ನೂರಿನಲ್ಲಿ ನಾನು ಕಂಡ ಚಿತ್ರಗಳೆಂದರೆ ಕ್ಯಾಲೆಂಡರಿನ ದೇವರು, ಸಿನಿಮಾ ಪೋಸ್ಟರು, ಮತ್ತೆ ನಡುಮನೆಯ ಗೋಡೆಯ ಮೇಲಿನ ಅಕ್ಕ. ನಮ್ಮಲ್ಲಿ ಸತ್ತವರನ್ನು ಕೂರಿಸಿ, ವಿಭೂತಿ ಹಚ್ಚಿ, ಹಾರ ಹಾಕಿ ಫೋಟೊ ತೆಗೆಸುತ್ತಾರೆ. ಮದುವೆಯ ಫೋಟೊದಲ್ಲಿ ಅಕ್ಕ ತಲೆ ತಗ್ಗಿಸಿದ್ದರಿಂದ ಆ ಕೊನೆಯ ಫೋಟೊ ಒಂದೇ ಗತಿ. ನ್ಯಾಮತಿಯ ಭಾವ, ಅಂದರೆ ಅವಳ ಗಂಡ, ಅದನ್ನು ಹೊನ್ನಾಳಿಯ ಕಲಾವಿದನೊಬ್ಬನಿಗೆ ಕೊಟ್ಟು ನಮ್ಮ ಮನೆಗೆಂದು ಬಣ್ಣದಲ್ಲಿ ದೊಡ್ಡದಾಗಿ ಬರೆಸಿದ. ಮುಚ್ಚಿದ ಕಣ್ಣನ್ನು ತೆರೆದು ಬರೆಯಬೇಕಲ್ಲ, ಅದಕ್ಕೆ ಅಕ್ಕನಂಥದೇ ಕಣ್ಣಿನ ಅವ್ವನನ್ನು ಕರೆದೊಯ್ದು ಕಲಾವಿದನ ಎದುರಿಗೆ ಕೂರಿಸಿದ್ದ.

ಚಿತ್ರ ಬಂದಾಗ ಎಲ್ಲರೂ ಮೆಚ್ಚಿದ್ದು ಕತ್ತಿಗೆ ಅಂಟಿಕೊಂಡಂತಿದ್ದ ನಾಲ್ಕೆಳೆಯ ಗುಂಡಿನ ಸರವನ್ನು. ಅಕ್ಕನಿಗೆ ಅಂಥ ಸರ ಇರಲೇ ಇಲ್ಲ. "ಬದುಕಿದ್ದಾಗ ಮಾಡ್ಸಾಕೆ ಆಗ್ಲಿಲ್ಲ, ಚಿತ್ರದಾಗಾದ್ರೂ ಹಾಕ್ಸಿದಾನೆ ನೋಡ್ರಿ, ಎಂಥ ಗಂಡ!" ಎಂದು ಪಕ್ಕದ ಮನೆಯ ಅಜ್ಜಿ ಕಣ್ಣೊರೆಸಿಕೊಂಡಳು. ಕಣ್ಣು ಮಾತ್ರ ಯಾರಿಗೂ ಹಿಡಿಸಲಿಲ್ಲ. ಒಳ್ಳೆಯ ಚಿತ್ರವೆಂದರೆ ನಾವು ಎಲ್ಲಿ ನಿಂತರೂ ನಮ್ಮನ್ನೇ ನೋಡಬೇಕಂತೆ. ಅಕ್ಕ ಮಗ್ಗುಲಿಗೆ ನೋಡುತ್ತಿದ್ದಳು.

ನಾನೂ ಹಾಗೆಯೇ ನಂಬಿದ್ದೆ, ಪಿಯುಸಿಯಲ್ಲಿ ಚರ್ಚಾಸ್ಪರ್ಧೆಗೆಂದು ಜಗಳೂರಿಗೆ ಹೋಗುವವರೆಗೆ. ನನ್ನ ಸರದಿಗೆ ಕಾಯುತ್ತಾ, ಅಲ್ಲಿಯ ಗೋಡೆಯಲ್ಲಿದ್ದ ಯಾರೋ ಹಿರಿಯರ ಚಿತ್ರದ ಮುಂದೆ ಅಡ್ಡಾಡಿದೆ. ಕಣ್ಣು ನನ್ನ ಹಿಂದೆಯೇ ಬಂತು. ಆದರೆ ಕೈ? ಬೆರಳುಗಳೆಲ್ಲ ಬಾಳೆಹಣ್ಣಿನ ಚಿಪ್ಪಿನ ಹಾಗೆ ಒಂದೇ ಅಳತೆ. ಕಣ್ಣು ಬಂದವನಿಗೆ ಕೈ ಬಂದಿರಲಿಲ್ಲ. ಊರಿಗೆ ಬಂದು ಅಕ್ಕನ ಮುಂದೆ ನಿಂತೆ. ರೆಪ್ಪೆಯ ಒಂದೊಂದು ಕೂದಲು, ಸೀರೆಯಂಚಿನ ಒಂದೊಂದು ಎಳೆ, ಕಿವಿಯ ಹತ್ತಿರದ ಮಚ್ಚೆ, ಎಲ್ಲ ಸರಿ. ಇಷ್ಟನ್ನೂ ಹಿಡಿದ ಕೈ ನೋಟವೊಂದನ್ನೇ ತಪ್ಪಿತೆ? ಎರಡೂ ಕಣ್ಣಲ್ಲಿ, ಒಂದೇ ದಿಕ್ಕಿಗೆ? ತಪ್ಪು ಅಷ್ಟು ಅಚ್ಚುಕಟ್ಟಾಗಿರುವುದಿಲ್ಲ. ಆ ಕಣ್ಣು ಯಾರನ್ನೋ ನೋಡುತ್ತಿತ್ತು, ಸಿಗಿದು ಹಾಕುವಂಥ ಸಿಟ್ಟಿನಿಂದ ನೋಡುತ್ತಿತ್ತು.

ಆ ಹೊತ್ತಿಗೆ ಭಾವ ನನ್ನನ್ನೇ ಎರಡನೆಯ ಹೆಂಡತಿಯಾಗಿ ಕೊಡಿರೆಂದು ಹೇಳಿಕಳಿಸಿದ್ದ. ಅಪ್ಪನಿಲ್ಲದ ಮನೆ, ಗೊತ್ತಿರುವ ಸಂಬಂಧ. ಅವ್ವ ಹೂಂ ಅಂದಿದ್ದಳು. ನಾನು ಕಾಲೇಜಿಗೆಂದು ಹೊರಟು ಹೊನ್ನಾಳಿಯ ಬಸ್ಸು ಹತ್ತಿದೆ.

ಕಲಾವಿದ ಕುಂಚ ಕೆಳಗಿಡದೆಯೇ ಮಾತಾಡಿದ. "ತಪ್ಪು ನಂದಲ್ಲ ತಂಗಿ. ನಿಮ್ಮ ತಾಯಿ ಒಂದೇ ಸಮನೆ ಬಾಗ್ಲು ಕಡೆ ನೋಡ್ತಿದ್ರು. ಇತ್ಲಾಗೆ ನೋಡ್ರೀ ಅಮ್ಮಾ ಅಂತ ಹೇಳಿ ಹೇಳಿ ಸಾಕಾತು. ಕಂಡಿದ್ದು ಬರೆದೆ."

"ಬಾಗ್ಲಾಗೆ ಯಾರಿದ್ರು?"

"ನಿಮ್ಮ ಭಾವ."

"ಸರ?"

"ಅದೂ ಅವರೇ ಹೇಳಿದ್ದು. ಕತ್ತು ಕಾಣದಂಗೆ ತುಂಬ್ಸು ಅಂದ್ರು." ಆಮೇಲೆ ದನಿ ಇಳಿಸಿದ. "ಫೋಟೊದಾಗೆ ಕತ್ತಿನ ಮ್ಯಾಲೆ ನಾಕು ಬೆರಳು ಮೂಡಿದ್ವು. ಒಂದೊಂದರ ಮ್ಯಾಲೆ ಒಂದೊಂದು ಎಳೆ ಬರೆದೆ."

ಏಣಿಗೆ ಬೆರಳಿರುವುದಿಲ್ಲ.

ಮದುವೆಯ ಮಾತು ಮುಗಿಸಲು ಭಾವ ಇಬ್ಬರು ಹಿರಿಯರೊಂದಿಗೆ ಬಂದ. ಅವರು ಉಪ್ಪಿಟ್ಟು ತಿನ್ನುತ್ತಿದ್ದಾಗಲೇ ನಾನು ಚಿತ್ರವನ್ನು ಗೋಡೆಯಿಂದ ಇಳಿಸಿ ಅವರ ನಡುವೆ ಇಟ್ಟೆ.

"ಭಾವ, ಈ ಸರ ಎಲ್ಲೈತೆ?"

"ಶುರುವಾತು ನೋಡ್ರಿ ಭಾಷಣ," ಎಂದು ಅವನು ಹಿರಿಯರ ಕಡೆ ನಕ್ಕ. "ಬಹುಮಾನ ಕೊಡಾಕೆ ಇಲ್ಲಿ ಯಾರೂ ಬಂದಿಲ್ಲ, ಕುಂದ್ರು."

"ಬಹುಮಾನ ಬ್ಯಾಡ. ಸರದ ಕೆಳಗೆ ಏನೈತೆ ಹೇಳ್ರಿ. ಹೊನ್ನಾಳಿಗೆ ಹೋಗಿ ಕೇಳ್ಕೊಂಡೇ ಬಂದೀನಿ."

ತಟ್ಟೆ ಹಾರಿತು. ಅವನ ಕಾಲು ಚಿತ್ರದ ಮೇಲೆ ಬಿದ್ದು ಗಾಜು ಪುಡಿಯಾಯಿತು, ಕೈ ನನ್ನ ಕತ್ತಿಗೆ ಬಂತು. ನನ್ನ ತಲೆ ಗೋಡೆಗೆ ಬಡಿಯಿತು. ಉಸಿರು ಕಟ್ಟಿತು. "ನಿಮ್ಮಕ್ಕಂದೂ ಇದೇ ಬಾಯಿ," ಎಂದ, ಹಲ್ಲು ಕಚ್ಚಿ. ಹಿರಿಯರು ಏಳುವ ಮೊದಲೇ ಅವ್ವ ಒಡೆದ ಚೌಕಟ್ಟಿನ ಪಟ್ಟಿಯೊಂದನ್ನು ಕಿತ್ತು ಅವನ ಮುಖಕ್ಕೆ ಬೀಸಿದಳು. ಮತ್ತೆ ಬೀಸಿದಳು. ಹುಬ್ಬು ಸೀಳಿ ರಕ್ತ ಅಕ್ಕನ ಸೀರೆಯ ಮೇಲೆ ತೊಟ್ಟಿಕ್ಕಿತು. ಆಗ ನಾನು ಅವ್ವನ ಕಣ್ಣು ನೋಡಿದೆ. ಕಲಾವಿದ ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಹಿರಿಯರು ಅವನನ್ನು ಹೊರಗೆಳೆದುಕೊಂಡು ಹೋದರು. ಮದುವೆಯ ಮಾತು ಅಲ್ಲಿಗೇ ಮುರಿಯಿತು. ಅವ್ವ ಕೊಬ್ಬರಿ ಎಣ್ಣೆಯ ಬಟ್ಟಲು ಹಿಡಿದು ನನ್ನ ಕತ್ತಿಗೆ ಹಚ್ಚಲು ಕುಳಿತಳು. ಅವಳ ಬೆರಳು ಒಂದು ಬರೆಯಿಂದ ಇನ್ನೊಂದಕ್ಕೆ ಇಳಿಯುತ್ತಾ ನಾಲ್ಕನೆಯದರ ಮೇಲೆ ನಿಂತಿತು.

"ಅವ್ವಾ, ಅವತ್ತು ಬಾಗ್ಲಾಗೆ ನಿಂತೋನನ್ನ ಹಂಗೆ ನೋಡಿದ್ಯಲ್ಲ, ಎಲ್ಲಾ ಗೊತ್ತಿದ್ದೂ ನನ್ನ ಅವಂಗೇ ಕೊಡಾಕೆ ಹೆಂಗೆ ಒಪ್ಪಿದೆ?"