ಕಟ್ಟದ ನೀರು ಕೆಡಿಸಿದವಳು

ಕೇಳು ಐತೆ, ಕಟ್ಟದ ನೀರಿಗೆ ಹೇಲು ಬೆರೆಸಿದ್ದು ನಾನು. ನೀನಲ್ಲ. ‘ಅಮೇಧ್ಯ’ ಎಂದು ಬರೆಯಲು ಹೊರಟಿದ್ದೆ — ಥೂ, ಈ ವಯಸ್ಸಿನಲ್ಲೂ ನನಗೆ ನಾಜೂಕು ಬೇಕು!

ಐವತ್ತರ ದಶಕದ ಕೊನೆಯ ಒಂದು ಬೇಸಗೆ. ಉಪ್ಪಿನಂಗಡಿಯಿಂದ ನಾದಿನಿ ತನ್ನ ಮಕ್ಕಳೊಂದಿಗೆ ಗುತ್ತಿಗಾರಿನ ನಮ್ಮ ಮನೆಗೆ ಬಂದಿದ್ದಳು. ಸಂಜೆ ಎಲ್ಲರೂ ತೋಟದ ಪಕ್ಕ ಹರಿಯುವ ತೋಡಿನ ಬದಿಯಲ್ಲಿ ತಿರುಗಾಡಲು ಹೊರಟೆವು. ಹೆಚ್ಚು ದೂರವಿಲ್ಲ, ನೆರಳಿನ ದಾರಿ, ಎಳೆ ಮಕ್ಕಳೂ ನಡೆಯಬಹುದು. ಅತ್ತೆ ಮುಂದೆ, ನಾದಿನಿ ಮತ್ತವಳ ಮಕ್ಕಳು ನಡುವೆ, ಒಂದೂವರೆ ವರ್ಷದ ಮಗನನ್ನು ಎತ್ತಿಕೊಂಡ ನಾನು ಹಿಂದೆ. ಮಾವಿನಹಣ್ಣು ತಿಂದು ಅವನ ಹೊಟ್ಟೆ ಕೆಟ್ಟಿತ್ತು. ಕಟ್ಟದ ಹತ್ತಿರ ಬರುವಾಗ ನನ್ನ ಸೀರೆಯ ಮೇಲೆಯೇ —

ಮಳೆ ನಿಂತ ಮೇಲೆ ಊರವರೆಲ್ಲ ಸೇರಿ ತೋಡಿಗೆ ಅಡ್ಡಲಾಗಿ ಕಲ್ಲುಮಣ್ಣಿನ ಕಟ್ಟ ಹಾಕುವ ಕ್ರಮ. ಮೇಲೆ ನಿಂತ ನೀರು ಕುಡಿಯಲು, ಅದಕ್ಕೆ ಯಾರೂ ಕಾಲಿಡಬಾರದು. ತೊಳೆಯುವುದು ಬಳಿಯುವುದೆಲ್ಲ ಕೆಳಗೆ. ಕಟ್ಟಕ್ಕೆ ಮಣ್ಣು ಹೊತ್ತವರು ನಿನ್ನ ಜನ. ಅದರ ನೀರು ಮುಟ್ಟಬಾರದವರೂ ನಿನ್ನ ಜನ. ಕಟ್ಟದ ಅಡಿಯಿಂದ ಒಸರಿದಷ್ಟೇ ನಿಮಗೆ. ಎಲ್ಲ ಗೊತ್ತಿತ್ತು ನನಗೆ. ಕೆಳಗಿಳಿಯಲು ಹತ್ತು ಹೆಜ್ಜೆ — ಆದರೆ ಅಷ್ಟರಲ್ಲಿ ನಾದಿನಿ ತಿರುಗಿ ನೋಡಿ ಮೂಗು ಮುಚ್ಚಿಕೊಂಡು ನಕ್ಕರೆ? ಮೇಲಿನ ನೀರಿಗೇ ಮಗುವನ್ನೂ ಸೆರಗನ್ನೂ ಅದ್ದಿದೆ.

ಮರಕ್ಕೆ ಬಟ್ಟೆ ಕಟ್ಟಿ ನಿನ್ನ ಮಗುವನ್ನು ಮಲಗಿಸಿ, ನಮ್ಮ ತೋಟದ ಕೆಲಸಕ್ಕೆ ಬಂದಿದ್ದ ನೀನು ದಡದಲ್ಲಿ ತರಗೆಲೆ ಗುಡಿಸುತ್ತಿದ್ದೆ. ಗಾಬರಿಯಾಗಿ ಹೇಳಿದೆ: “ಅಮ್ಮಾ, ಅದು ಕುಡಿಯುವ ನೀರಲ್ವಾ? ಕೆಳಗೆ ತೊಳೀರಿ.”

“ನಿನ್ನ ಕೆಲಸ ನೀನು ನೋಡು!” ಎಂದೆ ನಾನು.

ಹಿಂತಿರುಗುವಾಗ ನಾದಿನಿಯ ಮಕ್ಕಳು ಬೊಗಸೆಯಲ್ಲಿ ಅದೇ ನೀರು ಕುಡಿದರು. ನಾನು ನೋಡುತ್ತ ನಿಂತಿದ್ದೆ, ಐತೆ — ಸುಮ್ಮನೆ ನೋಡುತ್ತ! ಆಮೇಲೆ ಅತ್ತೆಯ ಕಣ್ಣಿಗೆ ನೀರಿನ ಅಂಚಿನ ಹಳದಿ ಬಿತ್ತು.

“ಅಯ್ಯೋ, ಇದೆಂತ ಹೇಸಿಗೆ! ಐತೆ, ನಿನ್ನ ಮಗುವಿನದ್ದಾ?”

“ಅಲ್ಲಮ್ಮ. ಸಣ್ಣಮ್ಮ ಇಲ್ಲಿಯೇ ಇದ್ರಲ್ಲ, ಅವರತ್ರ ಕೇಳಿ.”

ಸಣ್ಣಮ್ಮನೆಂದರೆ ನಾನು, ಮನೆಯ ಸೊಸೆ; ಆದರೂ ಮಾಡಿದ್ದು ನಾನೆಂದು ನೀನು ಹೇಳಲಿಲ್ಲ. ಸತ್ಯ ಹೇಳುವ ಮರ್ಯಾದೆಯನ್ನು ನನಗೇ ಬಿಟ್ಟೆ. ನಾನು ಹೇಳಿದೆ: “ಇಲ್ಲಿ ಇದ್ದದ್ದು ಅವಳೇ. ಮತ್ತೆ ಯಾರು?”

ಈ ನಾಲಿಗೆಗೆ ಹುಳ ಬೀಳಬೇಕಿತ್ತು. ಬೀಳಲಿಲ್ಲ, ಚೆನ್ನಾಗಿಯೇ ಉಂಡುಕೊಂಡು ಬಂತು.

ಮರುದಿನ ಕಟ್ಟ ಒಡೆದು ನೀರು ಬಿಟ್ಟರು. ನಿನ್ನ ಮಗು ಮುಟ್ಟಿತೆಂದು ಸೆಗಣಿನೀರು ಚಿಮುಕಿಸಿ ಶುದ್ಧ ಮಾಡಿ ಮತ್ತೆ ಕಟ್ಟಿದರು. ಮಣ್ಣು ಹೊತ್ತದ್ದು ನೀನೇ. ಒಸರುವ ನೀರನ್ನೂ ನಿಮಗೆ ಇಲ್ಲವೆಂದರು. ಮಳೆ ಬರುವ ತನಕ ನೀನು ಮಗುವನ್ನು ಸೊಂಟಕ್ಕೆ ಕಟ್ಟಿಕೊಂಡು, ಗುಡ್ಡ ದಾಟಿ ಹೊಳೆಯಿಂದ ಕೊಡ ಹೊತ್ತೆ. ನಾನು ಎದುರಾದಾಗ ಬದಿಗೆ ಸರಿದು ನಿಲ್ಲುತ್ತಿದ್ದವಳೂ ನೀನೇ. ಒಂದು ಸಲ ಬೈದಿದ್ದರೆ — ಇಲ್ಲ, ಬೈದಿದ್ದರೂ ನಾನು ಬಾಯಿ ಬಿಡುತ್ತಿರಲಿಲ್ಲ. ಅಷ್ಟು ಮಾನ ನನಗಿರಲಿಲ್ಲ.

ನೀನು ತೀರಿಕೊಂಡು ವರ್ಷಗಳಾದವು. ನಮ್ಮ ಮನೆಯಲ್ಲಿ ಆ ಕಥೆ ಮಾತ್ರ ಸಾಯಲಿಲ್ಲ. ಅತ್ತೆಯ ಬಾಯಿಂದ ಕೇಳಿದ್ದನ್ನು ಮಗ ಊಟದ ಮಧ್ಯೆ ನೆಂಟರಿಗೆ ನಿನ್ನ ಹೆಸರು ಹಿಡಿದು ಹೇಳುತ್ತಾನೆ, ಅವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಿನ್ನೆಯೂ ಹೇಳಿದ. ನಾನು ಸಾರಿನ ಸೌಟು ಕೆಳಗಿಟ್ಟೆ.

“ಅದು ಐತೆಯ ಮಗುವಿನದ್ದಲ್ಲ ಮಾರಾಯ, ನಿನ್ನದ್ದು. ಆ ನೀರಲ್ಲಿ ತೊಳೆದದ್ದು ನಾನು.”

ಅವನು ಮುಖ ಕಿವುಚಿದ. “ಥೂ! ಊಟದ ಹೊತ್ತಿಗೆ ಎಂತ ಅಸಹ್ಯ ಮಾತಾಡುದಮ್ಮ ನೀನು!” ಎಂದು ಎಲೆ ಬಿಟ್ಟು ಎದ್ದ.

ಇಷ್ಟು ವರ್ಷ ಅದೇ ಕಥೆಯನ್ನು ನಿನ್ನ ಹೆಸರಿನಲ್ಲಿ ಕೇಳುತ್ತ ಎಲ್ಲರೂ ಎರಡೆರಡು ಸಲ ಅನ್ನ ಹಾಕಿಸಿಕೊಂಡಿದ್ದರು. ಬಡಿಸಿದವಳು ನಾನು. ನಾಳೆಯೂ ಬಡಿಸುವಾಗ ಹೇಳುತ್ತೇನೆ.