ಎಡದ ಮುಖಕ್ಕೆ ಒಂದು ಹಿಡಿ ರವೆ

ಮೊನ್ನೆ ಚಿರೋಟಿ ರವೆ ಕಲಸುತ್ತಿದ್ದಾಗ ಫೋನು ಬಂತು. ಮಾತು ಮುಗಿಸಿ ಬರುವಷ್ಟರಲ್ಲಿ ಬೆರಳಿಗಂಟಿದ್ದ ರವೆ ಒಣಗಿ ಬಿಳಿಯ ಹಕ್ಕಳೆಯಾಗಿತ್ತು. ಉಗುರಿನಿಂದ ಕೆರೆದೆ. ಹಸಿ ರವೆಯ ಆ ತೆಳು ಹಿಟ್ಟಿನ ವಾಸನೆ... ಮೇಲಿನ ಮನೆಯ ಮೃದಂಗದ ಮೇಷ್ಟ್ರು ನೆನಪಾದರು.

ತೊಂಬತ್ತರ ದಶಕದ ಕೊನೆ ಇರಬೇಕು. ಬಸವನಗುಡಿಯಲ್ಲಿ ಹಳೆಯ ಬಂಗಲೆಯೊಂದನ್ನು ಕೆಡವಿ ಕಟ್ಟಿದ್ದ ಮೂರಂತಸ್ತಿನ ಫ್ಲ್ಯಾಟಿಗೆ ಬಂದು ನಮಗೆ ಒಂದು ವರ್ಷವಾಗಿತ್ತು. ನಾನು, ನಮ್ಮವರು, ಪಾರ್ಶ್ವವಾಯು ಬಡಿದು ಮಾತು ನಿಂತುಹೋಗಿದ್ದ ನಮ್ಮತ್ತೆ. ನಮ್ಮ ತಲೆಯ ಮೇಲೆ ಸರಿಯಾಗಿ ಮೇಷ್ಟ್ರು ಮತ್ತು ಅವರ ಹೆಂಡತಿ. ಮೇಷ್ಟ್ರಿಗೆ ಅರವತ್ತೈದು ದಾಟಿತ್ತು. ದೊಡ್ಡ ದೊಡ್ಡ ಹಾಡುಗಾರರ ಪಕ್ಕದಲ್ಲಿ ಕೂತು ಮೂವತ್ತು ವರ್ಷ ಊರೂರು ತಿರುಗಿದವರು. ಮಂಡಿ ನೋವು ಶುರುವಾದ ಮೇಲೆ, ಇನ್ನು ರೈಲು ಹತ್ತುವುದಿಲ್ಲ, ಮನೆಯಲ್ಲೇ ನನ್ನ ಪಾಡಿಗೆ ನುಡಿಸಿಕೊಂಡಿರುತ್ತೇನೆ ಎಂದು ಎಲ್ಲ ನಿಲ್ಲಿಸಿಬಿಟ್ಟಿದ್ದರಂತೆ.

ದಿನವೂ ಮಧ್ಯಾಹ್ನ ಮೂರಕ್ಕೆ ಅವರ ಸಾಧನೆ. ಮೃದಂಗದ ಎಡದ ಮುಖಕ್ಕೆ ನೀರಲ್ಲಿ ಕಲಸಿದ ರವೆಯ ಬಿಲ್ಲೆ ಹಚ್ಚಬೇಕು, ಆಗಲೇ ಅದಕ್ಕೆ ಗುಂ ಎನ್ನುವ ತುಂಬು ದನಿ. ನುಡಿಸಿ ಆದ ಮೇಲೆ ಕೆರೆದು ತೆಗೆಯಬೇಕು. ಮಾರನೆಯ ದಿನ ಮತ್ತೆ ಹೊಸದು. ಉಪ್ಪಿಟ್ಟಿಗೆ ಇಟ್ಟ ರವೆಯನ್ನೆಲ್ಲ ಇವರ ಮೃದಂಗವೇ ತಿಂದುಬಿಡುತ್ತದೆ ಎಂದು ಅವರ ಹೆಂಡತಿಯ ಗೊಣಗಾಟ. ಹಾಗಾಗಿ ಮೇಷ್ಟ್ರು ಪುಟ್ಟ ಸ್ಟೀಲ್ ಬಟ್ಟಲು ಹಿಡಿದು, ಒಂದೊಂದೇ ಮೆಟ್ಟಿಲು ಇಳಿದು ನಮ್ಮ ಬಾಗಿಲಿಗೆ ಬರುತ್ತಿದ್ದರು.

“ಅಮ್ಮಾ, ನಮ್ಮ ಎಡಗಡೆಯವನಿಗೆ ಹಸಿವಂತೆ.”

ಅವರು ನುಡಿಸತೊಡಗಿದರೆ ಅತ್ತೆಯ ಕೋಣೆಯ ಸೂರು ಸಣ್ಣಗೆ ಅದುರುತ್ತಿತ್ತು. ನನಗೇನೋ ಅದು ಇಷ್ಟವೇ. ಆ ಹೊತ್ತಿಗೆಂದೇ ಸೊಪ್ಪು ಬಿಡಿಸುವ ಕೆಲಸ ಇಟ್ಟುಕೊಳ್ಳುತ್ತಿದ್ದೆ. ಆದರೆ ಅತ್ತೆ ಸ್ವಾಧೀನವಿದ್ದ ಎಡಗೈಯಿಂದ ಮಂಚದ ಪಟ್ಟಿಯನ್ನು ಬಡಿಯುತ್ತಿದ್ದರು. ಒಂದು ಭಾನುವಾರ ನಮ್ಮವರು ಅದನ್ನು ನೋಡಿದರು. ಅಮ್ಮನಿಗೆ ಈ ಸದ್ದು ತಡೆಯುವುದಕ್ಕೆ ಆಗುತ್ತಿಲ್ಲ, ಪಾಪ, ಹೇಳೋಣವೆಂದರೆ ಬಾಯಿಲ್ಲ ಎಂದರು. ಕಟ್ಟಡದ ಸಂಘಕ್ಕೆ ಆಗ ಅವರೇ ಕಾರ್ಯದರ್ಶಿ.

“ನಿನ್ನ ಇಂಗ್ಲಿಷ್ ಚೆನ್ನಾಗಿದೆ, ಅಕ್ಷರ ದುಂಡಗಿದೆ. ನೀನೇ ಒಂದು ನೋಟಿಸ್ ಬರಿ. ಯಾರ ಹೆಸರೂ ಬೇಡ.”

ಬರೆದೆ. ಕಾನ್ವೆಂಟಿನ ಸಿಸ್ಟರ್ ಕಲಿಸಿದಂತೆ ಬೆನ್ನು ನೆಟ್ಟಗಿಟ್ಟು, ಪದದ ನಡುವೆ ಪೆನ್ನು ಎತ್ತದೆ. ಮನೆಗಳ ಒಳಗೆ ಯಾವುದೇ ವಾದ್ಯ ನುಡಿಸಬಾರದಾಗಿ ಕೋರಿಕೆ. ಎರಡು ಕಡೆ ‘ಕೈಂಡ್ಲಿ’ ಹಾಕಿದೆ. ನಯವಾಗಿ ಬರೆದರೆ ಯಾರಿಗೂ ನೋಯುವುದಿಲ್ಲ ಎಂದುಕೊಂಡಿದ್ದೆ. ಮೆಟ್ಟಿಲ ಬುಡದಲ್ಲಿ ಗಾಜಿನ ಬಾಗಿಲಿನ ನೋಟಿಸ್ ಬೋರ್ಡ್ ಇತ್ತು. ನಮ್ಮವರು ಅದರೊಳಗೆ ಅಂಟಿಸಿ ಬೀಗ ಹಾಕಿದರು.

ಮಾರನೆಯ ದಿನ ಮೇಷ್ಟ್ರು ಬಟ್ಟಲು ಹಿಡಿದು ಬರಲಿಲ್ಲ. ಅದರ ಮಾರನೆಯ ದಿನವೂ ಬರಲಿಲ್ಲ.

ಮೂರು ಗಂಟೆಗೆ ಸೂರು ಸುಮ್ಮನಿತ್ತು. ಅತ್ತೆ ಮಾತ್ರ ಮಂಚ ಬಡಿಯುತ್ತಿದ್ದರು. ಸೊಪ್ಪಿನ ತಟ್ಟೆ ಕೆಳಗಿಟ್ಟು ಹತ್ತಿರ ಹೋದೆ. ಒಂದು ಬಡಿತ. ಆಮೇಲೆ ಕಿರುಬೆರಳು, ಉಂಗುರದ ಬೆರಳು, ನಡುಬೆರಳು. ಮತ್ತೆ ಒಂದು ಬಡಿತ, ಅಂಗೈ ಮಗುಚಿ ಇನ್ನೊಂದು... ಅದು ತಾಳ. ಅಷ್ಟು ದಿನವೂ ಅವರು ಹಾಕುತ್ತಿದ್ದದ್ದು ತಾಳ. ಕಣ್ಣು ಸೂರಿನಲ್ಲಿ ನೆಟ್ಟಿತ್ತು, ಕಾಯುತ್ತಿದ್ದವರ ಹಾಗೆ.

ಸಂಜೆ ನಮ್ಮವರಿಗೆ ಹೇಳಿದೆ. ಅವರು ಬಹಳ ಹೊತ್ತು ಶೂ ಲೇಸು ಬಿಚ್ಚುತ್ತಲೇ ಇದ್ದರು. ಹಾಕಿದ ನೋಟಿಸನ್ನು ಮೂರೇ ದಿನಕ್ಕೆ ತೆಗೆದರೆ ನಾಳೆ ಯಾರೂ ಮಾತು ಕೇಳುವುದಿಲ್ಲ, ಸ್ವಲ್ಪ ದಿನ ಹೋಗಲಿ ಎಂದರು. ನಾನು ಮತ್ತೆ ಕೇಳಲಿಲ್ಲ. ಕೇಳಬೇಕಿತ್ತು. ವಾರ ಕಳೆಯುವುದರೊಳಗೆ ಅತ್ತೆಯ ಕೈಯೂ ಸುಮ್ಮನಾಯಿತು.

ಎರಡು ತಿಂಗಳಾದ ಮೇಲೆ ಮೇಷ್ಟ್ರು ಬಂದರು. ಕೈಯಲ್ಲಿ ಬಟ್ಟಲಿರಲಿಲ್ಲ, ಒಂದು ಕಾಗದವಿತ್ತು. ಕೊಯಮತ್ತೂರಿನ ಸಂಗೀತ ಸಭೆಯೊಂದು ಕಚೇರಿಗೆ ಕರೆದಿದೆ, ಒಪ್ಪಿಗೆಯೆಂದು ಇಂಗ್ಲಿಷಿನಲ್ಲಿ ಬರೆದುಕೊಡಬೇಕು ಎಂದರು. ಮಂಡಿಯ ಗತಿಯೇನು ಎಂದು ಕೇಳಿದೆ.

“ಮಂಡಿ ನೋಯತ್ತೆ. ಆದ್ರೆ ಎಷ್ಟು ದಿನ ಅಂತ ತೊಡೆ ಮೇಲೆ ಬಾರಿಸ್ಕೊಂಡು ಕೂತಿರ್ಲಿ? ತೊಡೆ ಶ್ರುತಿಗೆ ಸೇರಲ್ಲಮ್ಮ.” ನಕ್ಕರು. “ಕಚೇರಿ ಎರಡು ಗಂಟೆ. ಮಿಕ್ಕ ಹೊತ್ತೆಲ್ಲ ಲಾಡ್ಜಲ್ಲಿ ಬಾಗಿಲು ಹಾಕ್ಕೊಂಡು ನುಡಿಸ್ಬಹುದು. ಅಲ್ಲಿ ಯಾರೂ ಏನೂ ಅನ್ನಲ್ಲ.”

ನಾನು ಪೆನ್ನಿನ ಮುಚ್ಚಳ ತೆಗೆದೆ.

“ನೋಟಿಸಲ್ಲಿ ಬರೆದಿದ್ರಲ್ಲ, ಕೈಂಡ್ಲಿ ಅಂತ... ಹಾಗೇ ನಯವಾಗಿ ಬರೀರಿ.”

ಪದದ ನಡುವೆ ಪೆನ್ನು ಎತ್ತಿದ್ದು ಅವತ್ತೇ ಮೊದಲು. ಅವರ ಮುಖದಲ್ಲಿ ಸಿಟ್ಟು ಹುಡುಕಿದೆ. ಇದ್ದಿದ್ದರೆ ತಪ್ಪಾಯಿತು ಎನ್ನಬಹುದಿತ್ತು. ಅವರು ನನ್ನ ಅಕ್ಷರವನ್ನು ನೋಡುತ್ತಿದ್ದರು, ಅಷ್ಟೇ. ಅತ್ತೆಯ ತಾಳದ ವಿಷಯ ಹೇಳಿದೆ. ಕೇಳಿ ಮೇಷ್ಟ್ರು ಎದ್ದರು, ಒಳಗೆ ಹೋಗಿ ಮಂಚದ ಪಕ್ಕ ಕುರ್ಚಿ ಎಳೆದುಕೊಂಡರು.

“ಬಾಯಿ ವಾದ್ಯ ಅಲ್ಲವಲ್ಲ?” ಎಂದು ನನ್ನ ಕಡೆ ತಿರುಗಿ ಕೇಳಿದರು.

ಆಮೇಲೆ ಮೆಲ್ಲಗೆ, ಪಕ್ಕದ ಕೋಣೆಗೂ ಕೇಳದಷ್ಟು ಮೆಲ್ಲಗೆ, ತಕಧಿಮಿ ತಕಜಣು ಎಂದು ಹೇಳತೊಡಗಿದರು. ಅತ್ತೆಯ ಕೈ ಮೊದಲು ಅಲುಗಲಿಲ್ಲ. ಎರಡನೆಯ ಸುತ್ತಿಗೆ ಕಿರುಬೆರಳು ಎದ್ದಿತು...

ಇನ್ನು ದಿನವೂ ಬರುತ್ತಾರೆ ಎಂದು ನಾನು ಆಸೆಪಟ್ಟೆ. ಆದರೆ ಅವರು ಊರಲ್ಲಿ ಇರುತ್ತಿದ್ದದ್ದೇ ಕಡಿಮೆಯಾಯಿತು. ಕೊಯಮತ್ತೂರು, ಮದರಾಸು, ತಿರುವನಂತಪುರ, ಹೆಸರೇ ಕೇಳದ ಊರುಗಳ ದೇವಸ್ಥಾನಗಳು. ಬೆಳಿಗ್ಗೆ ಆಟೋ ಬಂದು ನಿಲ್ಲುತ್ತಿತ್ತು. ಜಮಖಾನದ ಚೀಲದಲ್ಲಿ ಮೃದಂಗ, ಇನ್ನೊಂದು ಕೈಯಲ್ಲಿ ಮಂಡಿಗೆ ಹಚ್ಚುವ ಎಣ್ಣೆಯ ಶೀಸೆ. ಗಾಂಧಿಬಜಾರಿನಲ್ಲಿ ಸಿಕ್ಕವರೊಬ್ಬರು, ಈ ವಯಸ್ಸಿನಲ್ಲಿ ಹೆಸರಿನ ಚಪಲ ನೋಡಿ ಎಂದರು. ನಾನು ಬದನೆಕಾಯಿ ಆರಿಸುತ್ತ ನಿಂತಿದ್ದೆ. ಒಪ್ಪಿಗೆಯ ಕಾಗದಗಳನ್ನೆಲ್ಲ ಬರೆದುಕೊಟ್ಟವಳು ನಾನೇ. ಮೇಷ್ಟ್ರು ಯಾವುದೋ ಊರಲ್ಲಿದ್ದಾಗಲೇ ಅತ್ತೆ ಹೋದರು.

ಐದಾರು ವರ್ಷ ಹೀಗೇ ನಡೆಯಿತು. ಕೊನೆಗೆ ಮೇಷ್ಟ್ರು ತೀರಿಕೊಂಡದ್ದೂ ಹೊರಗೇ, ಒಂದು ಲಾಡ್ಜಿನ ಕೋಣೆಯಲ್ಲಿ, ಊಟದ ನಂತರ ಮಲಗಿದಾಗ. ಅವರ ಹೆಂಡತಿ ತಂಗಿಯ ಮನೆಗೆ ಹೊರಡುವ ಮುಂಚೆ ಚೀಲ ಬಿಚ್ಚಿ ತೋರಿಸಿದರು. ಎಡದ ಮುಖದ ಮೇಲೆ ರವೆ ಹಾಗೇ ಇತ್ತು, ಕೆರೆದು ತೆಗೆದಿರಲಿಲ್ಲ. ಒಣಗಿ ಬಿರುಕುಬಿಟ್ಟಿತ್ತು. ಎದ್ದ ಮೇಲೆ ಮತ್ತೆ ನುಡಿಸೋಣವೆಂದಿದ್ದರೋ ಏನೋ...

ಮೊನ್ನೆ ಕೈ ತೊಳೆದು ಹಾಲಿಗೆಂದು ಕೆಳಗಿಳಿದೆ. ನೋಟಿಸ್ ಬೋರ್ಡ್ ಅಲ್ಲೇ ಇದೆ. ನಮ್ಮವರು ಕಾರ್ಯದರ್ಶಿತನ ಬಿಟ್ಟು ಎಷ್ಟೋ ವರ್ಷವಾಯಿತು. ಬೀಗದ ಕೈ ಎಲ್ಲಿ ಹೋಯಿತೋ ಯಾರಿಗೂ ಗೊತ್ತಿಲ್ಲ. ಗಾಜಿನ ಹಿಂದೆ ನನ್ನ ಕಾಗದ ಹಳದಿಯಾಗಿ ಮೂಲೆ ಸುರುಟಿಕೊಂಡಿದೆ, ಅಕ್ಷರ ಮಾತ್ರ ಈಗಲೂ ದುಂಡಗಿದೆ. ಆಮೇಲೆ ಬಂದ ಮನೆಗಳವರೂ ಅದನ್ನು ಓದುತ್ತಾರೆ, ಹಾಗೇ ನಡೆದುಕೊಳ್ಳುತ್ತಾರೆ. ಮಧ್ಯಾಹ್ನ ಮೂರು ಗಂಟೆಗೆ ನಮ್ಮ ಕಟ್ಟಡ ತುಂಬಾ ಶಾಂತವಾಗಿರುತ್ತದೆ.