ಟೆಂಟಿನ ತೂತು

ಬಾದಾಮಿಯಾಗ ನನ್ನ ಟೆಂಟಿನ ಹೊರಬಟ್ಟಿಗೆ ಸಣ್ಣ ಸಣ್ಣ ತೂತು ಬಿದ್ದಿದ್ವು. ಛತ್ರಿ ರಿಪೇರಿ ಮಾಡೋ ಹುಸೇನಸಾಬ್ರ ಕಡೆ ಒಯ್ದೆ. ಅವರು ಟೆಂಟನ್ನ ಬಿಸಲಾಗ ನಿಲ್ಲಿಸಿ, "ಬ್ಯಾಗ್ ಹೊರಗ ಇಟ್ಟು ಒಳಗ ಕುಂದರ್ರಿ. ಬೆಳಕು ಬಂದಲ್ಲೆ ಬೆರಳು ಒತ್ರಿ, ನಾ ಹೊರಗಿಂದ ಗುರ್ತು ಹಾಕ್ತೇನಿ," ಅಂದ್ರು.

ಬ್ಯಾಗಿನಾಗ ನನ್ನ ಮೊಬೈಲು, ಕ್ಯಾಮೆರಾ ಎಲ್ಲಾ ಇದ್ವು. ನನಗ ಸಂಶಯ ಬಂತು. ಸ್ವಲ್ಪ ಹೊತ್ತಿಗೆ ಹೊರಗ ಅವರ ದನಿ ನಿಂತಿತು. ಒಂದು ತೂತಿಗೆ ಬೆರಳು ತುರುಕಿ, ಅಗಲ ಮಾಡಿ, ಕಣ್ಣಿಟ್ಟು ನೋಡಿದೆ. ಸಾಬ್ರು ಬಡಿಗಿ ಹಿಡಕೊಂಡು ನನ್ನ ಬ್ಯಾಗಿನ ಮುಂದ ನಿಂತು ಮಂಗ್ಯಾಗೋಳನ್ನ ಓಡಸಾಕತ್ತಿದ್ರು.

ಆಮ್ಯಾಲ ಎಲ್ಲಾ ತೂತಿಗೂ ತಲಿ ಎತ್ತದ ತ್ಯಾಪಿ ಹಚ್ಚಿದ್ರು. ಕಡೀಕ ಆ ದೊಡ್ಡದು ಬಂದಾಗ ಮಾತ್ರ ನನ್ನ ಮಾರಿ ನೋಡಿದ್ರು.

"ಇದೂ ಸಣ್ಣದ ಇತ್ರಿ. ನಿಮ್ಮ ಕಣ್ಣು ಬಿದ್ದು ದೊಡ್ಡದಾಗೇತಿ."